ಎರಡು ಟನ್ನಿನ ಜಾಕ್ ಸಾಕೇ, ಮೂರು ಟನ್ನಿನದೇ ಬೇಕೇ?

ಕಾವೇರಿಕಣಿವೆ

ನಮ್ಮ ಮನೆಯಲ್ಲಿ ಒಂದು ಸ್ವಿಫ್ಟ್ ಮತ್ತು ಒಂದು ಕ್ರೆಟಾ ಇವೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳನ್ನು ಹಿಂದುಮುಂದು ಮಾಡುವುದು, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆಯೆಂದು ನೋಡಿ ಬದಲಿಸುವುದು, ಮಳೆಗಾಲ ಮುಗಿದ ಮೇಲೆ ಕೆಳಭಾಗವನ್ನೊಮ್ಮೆ ಪರೀಕ್ಷಿಸುವುದು, ಇಷ್ಟನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. ಕಾರಿನ ಜೊತೆ ಬಂದ ಸಿಸರ್ ಜಾಕ್ ದಾರಿಯಲ್ಲಿ ಪಂಕ್ಚರ್ ಆದಾಗಿನ ಮಟ್ಟಿಗೆ ಸರಿ. ಈ ಕೆಲಸಗಳಿಗೆಲ್ಲ ಅದನ್ನು ನೆಚ್ಚಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಅಂಗಡಿಯಲ್ಲಿ ಎರಡು ಬಗೆಯ ಫ್ಲೋರ್ ಜಾಕ್, ಅಂದರೆ ಚಕ್ರಗಳ ಮೇಲೆ ಉರುಳುವ ಹೈಡ್ರಾಲಿಕ್ ಜಾಕ್, ತೋರಿಸಿದರು. ಒಂದು ಎರಡು ಟನ್ನಿನದು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ ಎಂಟೊಂಬತ್ತು ಕೆ.ಜಿ.ಯ ಪುಟ್ಟ ಜಾಕ್. ಕನಿಷ್ಠ ಎತ್ತರ 135 ಮಿ.ಮೀ., ಗರಿಷ್ಠ ಎತ್ತರ 330 ಮಿ.ಮೀ. ಎಂದು ಅದರ ಮೇಲೆ ಬರೆದಿದೆ. ಇನ್ನೊಂದು ಮೂರು ಟನ್ನಿನದು. ತೂಕ ಮೂವತ್ತು ಕೆ.ಜಿ. ದಾಟುತ್ತದೆ, ಬೆಲೆಯೂ ಸುಮಾರು ಮೂರು ಪಟ್ಟು. ಕ್ರೆಟಾ ಇದ್ದ ಮೇಲೆ ಮೂರು ಟನ್ನಿನದೇ ಬೇಕೆಂಬುದು ಅಂಗಡಿಯವರ ಅಭಿಪ್ರಾಯ. ನಮ್ಮ ಪೋರ್ಟಿಕೋದ ಒಳಗಿನ ಅರ್ಧ ಕಾಂಕ್ರೀಟ್ ನೆಲ, ಗೇಟಿನ ಕಡೆಯ ಅರ್ಧಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಸಿದೆ, ನೀರು ಹರಿದುಹೋಗಲೆಂದು ಗೇಟಿನತ್ತ ತುಸು ಇಳಿಜಾರೂ ಇದೆ. ಬಲ್ಲವರು ತಿಳಿಸಬೇಕು.

ಹಳೇಗ್ಯಾರೇಜು

ಅಂಗಡಿಯವರು ಕೊಟ್ಟ ಕಾರಣವನ್ನು ನಾನು ಒಪ್ಪುವುದಿಲ್ಲ. ಜಾಕ್ ಯಾವತ್ತೂ ಇಡೀ ಕಾರನ್ನು ಎತ್ತುವುದಿಲ್ಲ. ಸ್ವಿಫ್ಟ್‌ನ ತೂಕ ಸುಮಾರು 900 ಕೆ.ಜಿ.; ಎಂಜಿನ್ ಮುಂದಿರುವುದರಿಂದ ಅದರ ನೂರಕ್ಕೆ ಅರವತ್ತರಷ್ಟು ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮುಂದಿನ ಒಂದು ಮೂಲೆಯನ್ನು ಎತ್ತುವಾಗ ಜಾಕ್ ಹೊರುವುದು ಹೆಚ್ಚೆಂದರೆ ಮುನ್ನೂರು ನಾನೂರು ಕೆ.ಜಿ., ಮುಂಭಾಗವನ್ನು ನಡುವಿನಿಂದ ಪೂರ್ತಿ ಎತ್ತಿದರೆ ಐನೂರೈವತ್ತರ ಆಸುಪಾಸು. ಕ್ರೆಟಾ 1,300 ಕೆ.ಜಿ. ಎಂದಿಟ್ಟುಕೊಂಡರೂ ಮುಂದಿನ ಭಾರ ಎಂಟುನೂರನ್ನು ದಾಟುವುದು ಕಷ್ಟ. ಎರಡು ಟನ್ ಎಂದರೆ ಎರಡು ಸಾವಿರ ಕೆ.ಜಿ. ಆದ್ದರಿಂದ ಭಾರದ ಲೆಕ್ಕದಲ್ಲಿ ಚಿಕ್ಕ ಜಾಕೇ ಧಾರಾಳವಾಗಿ ಸಾಕು.

ನೀವು ನೋಡಬೇಕಾದ ಅಂಕಿ ಟನ್ನಿನದಲ್ಲ, ಎತ್ತರದ್ದು. ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಎರಡು ಕಚ್ಚುಗಳ ನಡುವೆ ಬಲಪಡಿಸಿದ ತಗಡಿನ ಅಂಚು ಇರುತ್ತದಲ್ಲ, ಜಾಕ್ ಕೊಡುವ ಜಾಗ ಅದೇ. ನೆಲದಿಂದ ಅಲ್ಲಿಗೆ ಎಷ್ಟೆಂದು ಎರಡೂ ಕಾರುಗಳಲ್ಲಿ ಟೇಪ್ ಹಿಡಿದು ಅಳೆಯಿರಿ. ಜೊತೆಗೆ, ಟೈರಿನ ಗಾಳಿ ಪೂರ್ತಿ ಇಳಿದಿದ್ದಾಗ ಆ ಅಂಚು ಇನ್ನೂ ಕೆಳಗೆ ಬರುತ್ತದೆಂಬುದು ನೆನಪಿರಲಿ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಕ್ರೆಟಾದ್ದು 190 ಮಿ.ಮೀ.; ಹಾಗಾಗಿ 135 ಮಿ.ಮೀ. ಜಾಕ್ ಎರಡರ ಕೆಳಗೂ ಸಲೀಸಾಗಿ ಹೋಗುತ್ತದೆ. ಸೆಡಾನ್ ಇಟ್ಟುಕೊಂಡು ಸ್ಪ್ರಿಂಗ್ ತಗ್ಗಿಸಿಕೊಂಡವರಿಗೆ ಮಾತ್ರ 80 ಅಥವಾ 90 ಮಿ.ಮೀ.ಗೆ ಇಳಿಯುವ ಲೋ ಪ್ರೊಫೈಲ್ ಜಾಕ್ ಬೇಕಾಗುತ್ತದೆ.

ಘಟ್ಟದಹಾದಿ

ಹಳೇಗ್ಯಾರೇಜು ಅವರು ತೂಕದ ವಿಷಯದಲ್ಲಿ ಹೇಳಿದ್ದು ಸರಿಯಿದೆ, ಆದರೆ ಎತ್ತರದ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಕನಿಷ್ಠ ಎತ್ತರದಷ್ಟೇ ಗರಿಷ್ಠ ಎತ್ತರವೂ ಮುಖ್ಯ. ಚಿಕ್ಕ ಜಾಕ್ ಕೈಕೊಡುವುದು ಅಲ್ಲಿಯೇ.

ಜಾಕ್ ಬಾಡಿಯನ್ನು ಎತ್ತತೊಡಗಿದ ಕೂಡಲೇ ಚಕ್ರ ನೆಲ ಬಿಡುವುದಿಲ್ಲ. ಅಲ್ಲಿಯವರೆಗೆ ಕಾರಿನ ಭಾರಕ್ಕೆ ಕುಗ್ಗಿದ್ದ ಸ್ಪ್ರಿಂಗ್ ಹಿಗ್ಗುತ್ತಾ ಚಕ್ರವನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ, ಅದರ ಓಟ ಮುಗಿದ ಮೇಲಷ್ಟೇ ಟೈರು ನೆಲದಿಂದ ಮೇಲೇಳುತ್ತದೆ. ಅಂಚು ನೆಲದಿಂದ 200 ಮಿ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ, ಸ್ಪ್ರಿಂಗ್ ಪೂರ್ತಿ ಹಿಗ್ಗಲು ಸುಮಾರು 100 ಮಿ.ಮೀ. ಹೋದರೆ ಟೈರು ನೆಲ ಬಿಡುವಾಗ ಜಾಕ್ ಆಗಲೇ 300ರಲ್ಲಿರುತ್ತದೆ. 330ರ ಜಾಕಿನಲ್ಲಿ ಉಳಿದದ್ದು ಒಂದು ಅಂಗುಲ ಚಿಲ್ಲರೆ. ಸ್ಟೆಪ್ನಿ ಬದಲಿಸಲು ಅದು ಸಾಕಾಗಬಹುದು, ಆದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ತೂರಿಸಿ, ಅದರ ಎತ್ತರದ ಹಲ್ಲು ಹೊಂದಿಸಿ, ಕಾರನ್ನು ಅದರ ಮೇಲೆ ಇಳಿಸಲು ಸಾಲದು. ಕ್ರೆಟಾದಲ್ಲಿ ಅಂಚೂ ಎತ್ತರ, ಸ್ಪ್ರಿಂಗಿನ ಓಟವೂ ಉದ್ದ. ಅಲ್ಲಿ ಚಿಕ್ಕ ಜಾಕ್ ತುದಿಯವರೆಗೆ ಎದ್ದು ನಿಂತಿದ್ದರೂ ಟೈರು ನೆಲವನ್ನು ಬಿಡದಿರಬಹುದು. ಆಗ ಜನ ಮಾಡುವುದೇನು? ಜಾಕಿನ ತಟ್ಟೆಯ ಮೇಲೆ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಪಾಯಕ್ಕೆ ಅಷ್ಟು ಸಾಕು.

ಮೂರು ಟನ್ನಿನ ಜಾಕ್ ಸಾಮಾನ್ಯವಾಗಿ 450ರಿಂದ 500 ಮಿ.ಮೀ.ವರೆಗೆ ಏಳುತ್ತದೆ. ಮೈ ಉದ್ದ, ಚಕ್ರಗಳ ನಡುವಿನ ಅಗಲ ಹೆಚ್ಚು, ಹಿಡಿಕೆ ನಾಲ್ಕಡಿಯ ಆಸುಪಾಸು. ಹಿಡಿಕೆ ಉದ್ದವಿದ್ದರೆ ಶ್ರಮ ಕಡಿಮೆಯಾಗುವುದು ಮಾತ್ರವಲ್ಲ, ಕಾರಿನಿಂದ ಮಾರುದೂರ ನಿಂತು ಪಂಪ್ ಮಾಡಬಹುದು. ಹಾಗಾಗಿ ಅಂಗಡಿಯವರ ಸಲಹೆ ಸರಿಯೇ, ಅವರು ಕೊಟ್ಟ ಕಾರಣವಷ್ಟೇ ತಪ್ಪು.

ಎಂಟನೇಮಹಡಿ

ನಿಮ್ಮೆಲ್ಲರಿಗೂ ಸ್ವಂತ ಪೋರ್ಟಿಕೋ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನಂಥವರು ಮೂವತ್ತೈದು ಕೆ.ಜಿ.ಯ ಕಬ್ಬಿಣವನ್ನು ಲಿಫ್ಟಿನಲ್ಲಿ ಹೇರಿಕೊಂಡು ಬೇಸ್‌ಮೆಂಟಿಗೆ ಇಳಿಯಬೇಕು, ಕೆಲಸ ಮುಗಿದ ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಅದಕ್ಕೆ ಜಾಗ ಹುಡುಕಬೇಕು. ಟೈರು ಬದಲಿಸುವಷ್ಟಕ್ಕೆ ಸಿಸರ್ ಜಾಕನ್ನೇ ಎಚ್ಚರಿಕೆಯಿಂದ ಬಳಸಿದರೆ ಏನು ತೊಂದರೆ? ಅಲ್ಯೂಮಿನಿಯಂ ಜಾಕುಗಳು ಹಗುರ ಎಂದು ಕೇಳಿದ್ದೇನೆ; ಅವು ನಂಬಿಕೆಗೆ ಅರ್ಹವೇ?

ಹಳೇಗ್ಯಾರೇಜು

ಸಿಸರ್ ಜಾಕಿನ ಪಾದ ಅಂಗೈಯಗಲವಷ್ಟೇ ಇರುತ್ತದೆ. ಕಾರು ಒಂದು ಮೂಲೆಯಲ್ಲಿ ಏಳುವಾಗ ಬಾಡಿ ತುಸು ಓರೆಯಾಗುತ್ತಾ ಜಾಕಿನ ತಲೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಚಕ್ರಗಳಿರುವ ಜಾಕ್ ಆ ಎಳೆತಕ್ಕೆ ಸರಿದುಕೊಳ್ಳುತ್ತದೆ. ಸಿಸರ್ ಜಾಕ್ ಸರಿಯಲಾರದೆ ವಾಲುತ್ತದೆ. ಹೀಗಾಗಿಯೇ ಅದು ಚಕ್ರ ಬದಲಿಸುವುದಕ್ಕೆ ಮಾತ್ರ, ಅದರ ಮೇಲೆ ನಿಂತ ಕಾರಿನ ಕೆಳಗೆ ಹೋಗಕೂಡದು ಎಂದು ಕಾರಿನ ಮ್ಯಾನುಯಲ್‌ಗಳು ಹೇಳುವುದು. ಸಪಾಟಾದ ಬೇಸ್‌ಮೆಂಟ್ ನೆಲದಲ್ಲಿ ಒಂದು ಚಕ್ರ ಬಿಚ್ಚಿ ಹಾಕಲು ಅದನ್ನು ಬಳಸಿದರೆ ನನ್ನ ಆಕ್ಷೇಪವಿಲ್ಲ. ಟೈರ್ ರೊಟೇಶನ್‌ಗೆ ಒಂದೇ ಬದಿಯ ಎರಡು ಚಕ್ರಗಳೂ ಒಟ್ಟಿಗೆ ಬಿಚ್ಚಿರಬೇಕಾಗುವುದರಿಂದ, ಸ್ಟೆಪ್ನಿಯನ್ನು ನಡುವೆ ಬಳಸಿಕೊಂಡು ಒಂದೊಂದಾಗಿ ಬದಲಿಸುವ ತಾಳ್ಮೆ ನಿಮಗಿರಬೇಕು.

ಅಲ್ಯೂಮಿನಿಯಂ ಜಾಕ್ ಒಳ್ಳೆಯದೇ. ಅದರಲ್ಲೂ ಭಾರ ಹೊರುವ ಮುಖ್ಯ ಭಾಗಗಳು ಬಹುತೇಕ ಉಕ್ಕಿನವೇ ಆಗಿರುತ್ತವೆ, ಪಕ್ಕದ ಫಲಕಗಳು ಮಾತ್ರ ಅಲ್ಯೂಮಿನಿಯಂ. ಬೆಲೆ ಹೆಚ್ಚು.

ಬಯಲುಸೀಮೆ

ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ನಮ್ಮ ಊರಿನ ಪಂಕ್ಚರ್ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಲಾರಿ, ಜೀಪು, ಕಾರುಗಳನ್ನು ಬರೀ ಜಾಕಿನ ಮೇಲೆ ಎತ್ತಿ ಕೆಲಸ ಮಾಡುತ್ತಾರೆ. ಟೈರಿಗೆ ಒಂದು ಕಲ್ಲು ಕೊಟ್ಟು ಗೇರಿನಲ್ಲಿ ನಿಲ್ಲಿಸಿದರೆ ಕಾರು ಎಲ್ಲಿಗೆ ಹೋಗುತ್ತದೆ? ಐದು ನಿಮಿಷದ ಪ್ಯಾಡ್ ಬದಲಾವಣೆಗೆ ನಾಲ್ಕು ಸಾವಿರದ ಜಾಕು, ಅದರ ಮೇಲೆ ಮತ್ತೆರಡು ಸಾವಿರದ ಸ್ಟ್ಯಾಂಡು ಎನ್ನುವುದು ದುಂದು.

ಹಳೇಗ್ಯಾರೇಜು

ಪಂಕ್ಚರ್ ಅಂಗಡಿಯವನು ಚಕ್ರ ಬಿಚ್ಚುತ್ತಾನೆಯೇ ಹೊರತು ಕಾರಿನ ಕೆಳಗೆ ಮೈ ತೂರಿಸುವುದಿಲ್ಲ. ಕಾರು ಕುಸಿದರೆ ಅವನಿಗೆ ಆಗುವ ನಷ್ಟ ಒಂದು ಡಿಸ್ಕು, ಒಂದು ಜಾಕು. ಪ್ಯಾಡ್ ಬದಲಿಸುವವನ ಕೈ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಒಳಗಿರುತ್ತದೆ, ತಲೆ ಫೆಂಡರಿನ ಕೆಳಗಿರುತ್ತದೆ.

ಹೈಡ್ರಾಲಿಕ್ ಜಾಕ್ ಭಾರವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆಂದು ತಿಳಿದರೆ ಸ್ಟ್ಯಾಂಡ್ ಏಕೆಂಬುದು ಅರ್ಥವಾಗುತ್ತದೆ. ಹಿಡಿಕೆಯನ್ನು ಒತ್ತಿದಾಗ ಸಣ್ಣ ಪಿಸ್ಟನ್ ಎಣ್ಣೆಯನ್ನು ದೊಡ್ಡ ಸಿಲಿಂಡರಿಗೆ ತಳ್ಳುತ್ತದೆ. ಆ ಎಣ್ಣೆ ಹಿಂದಿರುಗದಂತೆ ತಡೆಯುವುದು ಗೋಲಿಗಿಂತ ಚಿಕ್ಕದಾದ ಒಂದು ಉಕ್ಕಿನ ಗುಂಡು, ಅದು ಕೂರುವ ಶಂಕುವಿನಾಕಾರದ ಕುಳಿ, ಮತ್ತು ಜಾಕಿನ ತೋಳನ್ನು ತಳ್ಳುವ ದಂಡವಾದ ರ‍್ಯಾಮಿನ ಸುತ್ತಲಿನ ಒಂದು ರಬ್ಬರ್ ಸೀಲು. ಗುಂಡಿನ ಕೆಳಗೆ ಒಂದು ಕಣ ಮರಳೋ ಲೋಹದ ಚೂರೋ ಸಿಕ್ಕಿಕೊಂಡರೆ ಜಾಕ್ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯತೊಡಗುತ್ತದೆ. ಸೀಲು ಹರಿದರೆ ಒಮ್ಮೆಲೇ ಇಳಿಯುತ್ತದೆ. ಇವೆರಡೂ ಆಗದಿದ್ದರೂ ಮೂರನೆಯದೊಂದು ಇದೆ. ಬಹುಪಾಲು ಫ್ಲೋರ್ ಜಾಕುಗಳಲ್ಲಿ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ರಿಲೀಸ್ ವಾಲ್ವ್ ತೆರೆದುಕೊಳ್ಳುತ್ತದೆ. ಎತ್ತಿದ ಮೇಲೆ ಹಿಡಿಕೆಯನ್ನು ಅಲ್ಲೇ ಚಾಚಿಟ್ಟರೆ, ಓಡಾಡುವ ಮಕ್ಕಳ ಕಾಲೋ ಎಳೆಯುತ್ತಿರುವ ನೀರಿನ ಪೈಪೋ ಅದನ್ನು ತಿರುಗಿಸಿದರೆ ಮುಗಿಯಿತು. ಹಿಡಿಕೆ ಕಳಚಿಕೊಳ್ಳುವಂತಿದ್ದರೆ ಎತ್ತಿದ ಕೂಡಲೇ ಕಳಚಿ ಪಕ್ಕಕ್ಕಿಡಿ.

ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ದುಡ್ಡು ಉಳಿಸಲೇಬೇಕೆಂದಿದ್ದರೆ ಜಾಕಿನಲ್ಲಿ ಉಳಿಸಿ.

ಓಹಾಯೋಕನ್ನಡಿಗ

ಅಮೆರಿಕದಲ್ಲಿ ಇಂಥ ಕೆಲಸಗಳನ್ನು ಮನೆಯ ಗ್ಯಾರೇಜಿನಲ್ಲೇ ಮಾಡಿಕೊಳ್ಳುವವರು ಬಹಳ. ಇಲ್ಲಿನ ಒಂದು ಪ್ರಸಂಗವನ್ನು ಸೇರಿಸುತ್ತೇನೆ, ಏಕೆಂದರೆ ಹಳೇಗ್ಯಾರೇಜು ಅವರ ಮಾತನ್ನು ಕೇಳಿ ಸ್ಟ್ಯಾಂಡ್ ಇದ್ದರೆ ಎಲ್ಲವೂ ಕ್ಷೇಮ ಎಂದು ಯಾರೂ ಭಾವಿಸಬಾರದು. 2020ರಲ್ಲಿ ಹಾರ್ಬರ್ ಫ್ರೇಟ್ ಎಂಬ ಉಪಕರಣಗಳ ಮಾರಾಟ ಜಾಲವು ತನ್ನ ಪಿಟ್ಸ್‌ಬರ್ಗ್ ಹೆಸರಿನ ಮೂರು ಟನ್ ಮತ್ತು ಆರು ಟನ್ ಜಾಕ್ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಯಿತು. ಒಟ್ಟು ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಸ್ಟ್ಯಾಂಡಿನ ಕಂಬದ ಹಲ್ಲುಗಳು ತಡೆನಾಲಗೆಗೆ ಸಾಕಷ್ಟು ಆಳವಾಗಿ ಕಚ್ಚಿಕೊಳ್ಳದೆ, ಭಾರ ಅಲುಗಿದಾಗ ಒಮ್ಮೆಲೇ ಕೆಳಗಿಳಿಯಬಹುದು ಎಂಬುದು ಕಾರಣ. ಬದಲಿಗೆ ಮಾರಾಟವಾದ ಮೂರು ಟನ್ನಿನ ಸ್ಟ್ಯಾಂಡುಗಳಲ್ಲಿಯೂ ಕೆಲವನ್ನು ಅದೇ ವರ್ಷ ಬೆಸುಗೆಯ ದೋಷಕ್ಕಾಗಿ ಮತ್ತೆ ಹಿಂದಕ್ಕೆ ಪಡೆಯಬೇಕಾಯಿತು.

ಇದರಿಂದ ನಾನು ಕಲಿತದ್ದು, ಹಲ್ಲಿನ ಸ್ಟ್ಯಾಂಡಿಗಿಂತ ಅಡ್ಡಪಿನ್ ತೂರಿಸುವ ಸ್ಟ್ಯಾಂಡ್ ಲೇಸು ಎಂಬುದನ್ನು. ಎತ್ತರ ಹೊಂದಿಸುವ ಹಂತಗಳು ಅದರಲ್ಲಿ ಕಡಿಮೆ, ನಿಜ. ಆದರೆ ಬೆರಳು ದಪ್ಪದ ಉಕ್ಕಿನ ಪಿನ್ ಈ ಕಡೆಯಿಂದ ಆ ಕಡೆಗೆ ಹಾಯ್ದಿರುವುದು ಕಣ್ಣಿಗೇ ಕಾಣುತ್ತದೆ. ಹಲ್ಲಿನದನ್ನೇ ಕೊಳ್ಳುವುದಾದರೆ ಎರಡನೆಯ ಸುರಕ್ಷಾ ಪಿನ್ ಇರುವುದನ್ನೇ ಕೊಳ್ಳಿ. ಕಾರನ್ನು ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ, ಕೆಳಗೆ ಹೋಗುವ ಮೊದಲು, ಬಾಡಿಯನ್ನು ಕೈಯಿಂದ ಗಟ್ಟಿಯಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಅಂಚಿನ ಕೆಳಗೆ ಮಲಗಿಸಿಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಲ್ಲವೂ ಕೈಬಿಟ್ಟರೂ ಕಾರು ಆ ಚಕ್ರದ ಮೇಲೆ ನಿಲ್ಲುತ್ತದೆ.

ಯಂತ್ರಪಾಠ

ಬಯಲುಸೀಮೆಯವರು ‘ಗೇರಿನಲ್ಲಿ ನಿಲ್ಲಿಸಿದರೆ ಕಾರು ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿದ್ದಾರೆ. ಹೋಗುತ್ತದೆ. ಸ್ವಿಫ್ಟ್ ಮತ್ತು ಕ್ರೆಟಾ ಎರಡೂ ಮುಂದಿನ ಚಕ್ರಗಳಿಂದ ಓಡುವ ಕಾರುಗಳು. ಗೇರ್ ಹಾಕಿದಾಗ ಎಂಜಿನ್ ಹಿಡಿದಿಡುವುದು ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಹೊರಕವಚವನ್ನೇ ಹೊರತು ನೇರವಾಗಿ ಚಕ್ರಗಳನ್ನಲ್ಲ. ಮುಂದಿನ ಎರಡೂ ಚಕ್ರಗಳು ನೆಲದ ಮೇಲಿರುವವರೆಗೆ ಅದು ಸಾಕು. ಒಂದನ್ನು ಎತ್ತಿದ ಕ್ಷಣದಿಂದ, ನೆಲದ ಮೇಲಿರುವ ಚಕ್ರ ಮುಂದಕ್ಕೆ ಉರುಳಿದರೆ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿ ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ಆಟೊಮ್ಯಾಟಿಕ್ ಕಾರನ್ನು ‘ಪಿ’ಯಲ್ಲಿ ನಿಲ್ಲಿಸಿದರೂ ಇದೇ ಕಥೆ. ಆಗ ಕಾರನ್ನು ಹಿಡಿದಿರುವುದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಒಂದೇ.

ಹಿಂಭಾಗವನ್ನು ಎತ್ತುವಾಗ ಲೆಕ್ಕ ತಿರುವುಮುರುವಾಗುತ್ತದೆ. ಹಿಂದಿನ ಎರಡೂ ಚಕ್ರಗಳು ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ, ಆಗ ಗೇರೇ ಗತಿ. ಒಂದು ಬದಿಯನ್ನು ನಡುವಿನಿಂದ ಎತ್ತಿ ಆ ಬದಿಯ ಎರಡೂ ಚಕ್ರಗಳನ್ನು ನೆಲದಿಂದ ಬಿಡಿಸುವವರಿಗೆ ಗೇರಿನ ಆಸರೆ ಇಲ್ಲ, ಹ್ಯಾಂಡ್‌ಬ್ರೇಕಿನದು ಅರ್ಧ. ಆದ್ದರಿಂದ ಎತ್ತದೇ ಉಳಿದ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಕೊಡುವುದು ಐಚ್ಛಿಕವಲ್ಲ. ಹಾಗೆ ಕೊಡುವುದು ಉರುಟು ಕಲ್ಲಾಗಬಾರದು. ಓರೆಯಾಗಿ ಕತ್ತರಿಸಿದ ಮರದ ತುಂಡೋ ರಬ್ಬರಿನ ಚೋಕೋ ಟೈರಿಗೆ ಒತ್ತಿಕೊಂಡು ಕೂರಬೇಕು.

ಬಯಲುಸೀಮೆ

ಡಿಫರೆನ್ಷಿಯಲ್ಲಿನ ಮಾತು ನನಗೆ ಹೊಸದು, ಒಪ್ಪಿದ್ದೇನೆ. ಆದರೆ ಸ್ಟ್ಯಾಂಡ್ ಕಡ್ಡಾಯ ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಕಾರಿನ ಪ್ರತಿ ಮೂಲೆಗೆ ಜಾಕ್ ಕೊಡುವ ಜಾಗ ಒಂದೇ ಇದೆ ಎಂದು ನೀವೇ ಹೇಳಿದ್ದೀರಿ. ಅಲ್ಲಿ ಜಾಕ್ ಕೂತಿರುವಾಗ ಸ್ಟ್ಯಾಂಡನ್ನು ಎಲ್ಲಿ ಕೊಡುವುದು?

ಘಟ್ಟದಹಾದಿ

ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬಂದಿಲ್ಲ, ಏಕೆಂದರೆ ಸ್ಟ್ಯಾಂಡ್ ಕೊಂಡವರಲ್ಲೂ ಹಲವರು ಅದನ್ನು ಬಳಸದೆ ಬಿಡುವುದು ಇದೇ ಕಾರಣಕ್ಕೆ.

ಸರಿಯಾದ ಕ್ರಮವೆಂದರೆ ಜಾಕನ್ನು ಅಂಚಿಗೆ ಕೊಡದೆ ಮುಂಭಾಗದ ನಡುವೆ, ಎಂಜಿನ್ನಿನ ಕೆಳಗೆ ಅಡ್ಡವಾಗಿ ಹಾಯ್ದಿರುವ ಕ್ರಾಸ್‌ಮೆಂಬರಿಗೆ ಕೊಡುವುದು. ಆಗ ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಏಳುತ್ತವೆ, ಎರಡೂ ಬದಿಯ ಅಂಚುಗಳು ಸ್ಟ್ಯಾಂಡಿಗೆ ತೆರವಾಗಿ ಸಿಗುತ್ತವೆ. ಕ್ರಾಸ್‌ಮೆಂಬರ್ ಯಾವುದೆಂದು ಊಹೆ ಮಾಡಬೇಡಿ. ಮ್ಯಾನುಯಲ್‌ನಲ್ಲಿ ಗ್ಯಾರೇಜ್ ಜಾಕ್ ಕೊಡುವ ಜಾಗದ ಚಿತ್ರವಿದ್ದರೆ ಅದೇ ಪ್ರಮಾಣ. ಆಯಿಲ್ ಸಂಪ್, ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚ, ಸೈಲೆನ್ಸರ್ ಪೈಪು, ಸ್ಟೀರಿಂಗ್ ರ‍್ಯಾಕ್ ಇವುಗಳಿಗೆ ಜಾಕಿನ ತಟ್ಟೆ ತಾಗಲೂ ಬಾರದು. ಹಿಂಭಾಗದಲ್ಲಿ ಎರಡು ಚಕ್ರಗಳನ್ನು ಕೂಡಿಸುವ ಬೀಮ್ ನೋಡಲು ಗಟ್ಟಿಮುಟ್ಟಾಗಿ ಕಂಡರೂ, ಅದು ತಿರುಚಿಕೊಳ್ಳಲೆಂದೇ ಮಾಡಿದ ಭಾಗ. ಅದರ ನಟ್ಟನಡುವೆ ಕಾರಿನ ಭಾರ ಹೊರಿಸಬಾರದು. ಬ್ಯಾಟರಿ ಕಾರುಗಳಲ್ಲಂತೂ ನೆಲಹಾಸಿನ ಕೆಳಗೆಲ್ಲ ಬ್ಯಾಟರಿ ಪೆಟ್ಟಿಗೆಯೇ ಇರುವುದರಿಂದ ಕಂಪನಿ ಗುರುತಿಸಿದ ಜಾಗ ಬಿಟ್ಟು ಒಂದು ಅಂಗುಲವೂ ಆಚೀಚೆ ಆಗಕೂಡದು.

ಚಿಕ್ಕ ಜಾಕಿನ ಮಿತಿ ಇಲ್ಲಿಯೂ ಗೋಚರಿಸುತ್ತದೆ. ಬಂಪರಿನ ಮುಂದಿನಿಂದ ಕ್ರಾಸ್‌ಮೆಂಬರಿನವರೆಗೆ ತಲುಪಲು ಜಾಕಿನ ಮೈ ಉದ್ದವಾಗಿರಬೇಕು, ಕಾರಿನ ಕೆಳಗೆ ಅಷ್ಟು ದೂರ ಹೋದ ಮೇಲೂ ಹಿಡಿಕೆ ಆಡಿಸಲು ಜಾಗವಿರಬೇಕು. ಎಂಟು ಕೆ.ಜಿ.ಯ ಜಾಕಿನ ಗೇಣುದ್ದದ ಹಿಡಿಕೆ ಬಂಪರಿಗೇ ತಗಲುತ್ತದೆ.

ನಡುವಿನ ಜಾಗ ಸಿಗದ ಕಾರಿನಲ್ಲಿ ಇನ್ನೊಂದು ದಾರಿಯಿದೆ. ಬಲಪಡಿಸಿದ ಅಂಚು ಒಂದು ಬಿಂದುವಲ್ಲ, ಅದಕ್ಕೊಂದಿಷ್ಟು ಉದ್ದವಿದೆ. ತಟ್ಟೆ ಚಿಕ್ಕದಾಗಿರುವ ಜಾಕನ್ನು ಅದರ ಒಂದು ತುದಿಗೆ ಕೊಟ್ಟು ಸ್ಟ್ಯಾಂಡನ್ನು ಇನ್ನೊಂದು ತುದಿಗೆ ಕೊಡಬಹುದು. ಒಂದೊಂದು ಬದಿಯಾಗಿ ಎತ್ತುವಾಗ ಎರಡನೆಯ ಬದಿ ಏಳುತ್ತಿದ್ದಂತೆ ಮೊದಲ ಬದಿಯ ಸ್ಟ್ಯಾಂಡ್ ಓರೆಯಾಗುತ್ತದೆ. ಆದ್ದರಿಂದ ಮೊದಲು ಎರಡೂ ಕಡೆ ಸ್ಟ್ಯಾಂಡನ್ನು ಕೆಳಗಿನ ಹಲ್ಲಿನಲ್ಲೇ ನಿಲ್ಲಿಸಿ, ಬಳಿಕ ಒಂದೊಂದೇ ಹಲ್ಲು ಏರಿಸುತ್ತಾ ಹೋಗಬೇಕು. ಬೇಸರದ ಕೆಲಸವೇ, ಆದರೂ ಬೇರೆ ಉಪಾಯ ಕಾಣೆ.

ಪಡುಕಡಲು

ಅಂಚಿನ ಮಾತು ಬಂದದ್ದರಿಂದ ಕರಾವಳಿಯವನಾಗಿ ಒಂದು ಮಾತು. ಜಾಕಿನ ಕಬ್ಬಿಣದ ತಟ್ಟೆಯನ್ನು ಬರಿದಾಗಿ ಆ ಅಂಚಿಗೆ ಒತ್ತಿದರೆ ತಗಡು ಮಡಚಿಕೊಳ್ಳುತ್ತದೆ, ಬಣ್ಣ ಮತ್ತು ಸೀಲಂಟ್ ಒಡೆಯುತ್ತವೆ. ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಆ ಬಿರುಕು ಸಾಕು; ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲ ಕೆಳಗೆ ಕಂದು ನೀರು ಜಿನುಗತೊಡಗುತ್ತದೆ. ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಸಿಗುತ್ತದೆ. ಅಂಚು ಆ ಸೀಳಿನೊಳಗೆ ಇಳಿದು, ಭಾರವು ಅಂಚಿನ ಎರಡೂ ಬದಿಯ ಅಗಲವಾದ ತಳದ ಮೇಲೆ ಕೂರುತ್ತದೆ. ನಾನು ಮೊದಲಿನಿಂದಲೂ ಮರದ ತುಂಡಿಗೆ ಗರಗಸದಲ್ಲಿ ಗೀರು ಹಾಕಿ ಬಳಸುತ್ತಾ ಬಂದಿದ್ದೇನೆ, ಅದೂ ಚೆನ್ನಾಗಿಯೇ ನಡೆಯುತ್ತಿದೆ.

ಹಳೇಗ್ಯಾರೇಜು

ಮರದ ತುಂಡಿಗೆ ನನ್ನ ವಿರೋಧವಿದೆ. ನಾರಿನ ಉದ್ದಕ್ಕೆ ಹಾಕಿದ ಗೀರಿನೊಳಗೆ ತಗಡಿನ ಅಂಚು ಬೆಣೆಯಂತೆ ಇಳಿದರೆ ಮರ ಸೌದೆಯ ಹಾಗೆ ಸೀಳುತ್ತದೆ, ಅದೂ ಭಾರ ಪೂರ್ತಿ ಬಿದ್ದ ಮೇಲೆ. ಬಳಸಲೇಬೇಕೆಂದರೆ ಗೀರು ನಾರಿಗೆ ಅಡ್ಡವಾಗಿರಲಿ, ತುಂಡು ಜಾಕಿನ ತಟ್ಟೆಯೊಳಗೆ ಕೂರುವಷ್ಟೇ ಇರಲಿ, ಒಂದಕ್ಕಿಂತ ಹೆಚ್ಚು ಬೇಡ. ನೂರಿನ್ನೂರು ರೂಪಾಯಿಗೆ ರಬ್ಬರ್ ಪ್ಯಾಡ್ ಸಿಗುವಾಗ ಈ ಕುಶಲಕಲೆ ಯಾಕೆ?

ಪಡುಕಡಲು

ಪದರಪದರವಾಗಿ ಅಂಟಿಸಿದ ಪ್ಲೈವುಡ್ಡಿನ ತುಂಡಾದರೆ ನಾರು ಎರಡೂ ದಿಕ್ಕಿಗಿರುವುದರಿಂದ ಸೀಳುವುದಿಲ್ಲ. ಅಗ್ಗದ ರಬ್ಬರ್ ಪ್ಯಾಡ್ ಭಾರಕ್ಕೆ ಸೊಟ್ಟಗಾಗಿ ಹರಿಯುವುದನ್ನೂ ನೋಡಿದ್ದೇನೆ. ಈ ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರುವುದು ಕಾಣುವುದಿಲ್ಲ.

ಕಾವೇರಿಕಣಿವೆ

ಎಲ್ಲರಿಗೂ ವಂದನೆಗಳು. ಟೇಪ್ ಹಿಡಿದು ಅಳೆದೆ. ಕ್ರೆಟಾದ ಅಂಚು 330ರ ಜಾಕಿಗೆ ಆಗದ ಮಾತು ಎಂಬುದು ಸ್ಪಷ್ಟವಾಯಿತು. ಮೂರು ಟನ್ನಿನದನ್ನೇ ತೆಗೆದುಕೊಳ್ಳುತ್ತೇನೆ, ತೂಕಕ್ಕಾಗಿ ಅಲ್ಲ, ಎತ್ತರಕ್ಕಾಗಿ ಮತ್ತು ಉದ್ದಕ್ಕಾಗಿ. ಇನ್ನು ಉಳಿದದ್ದು ನೆಲದ ವಿಷಯ. ಎರಡೂ ಕಾರುಗಳು ನಿಲ್ಲುವ ಜಾಗದಲ್ಲಿ ಒಂದು ಭಾಗ ಟೈಲ್ಸ್ ಮೇಲೆಯೇ ಬರುತ್ತದೆ.

ಹಳೇಗ್ಯಾರೇಜು

ಇಂಟರ್‌ಲಾಕ್ ಟೈಲ್ಸ್ ಮೇಲೆ ಫ್ಲೋರ್ ಜಾಕ್ ಬೇಡ. ಜಾಕಿನ ತೋಳು ಲಂಬವಾಗಿ ಏಳುವುದಿಲ್ಲ, ಕಮಾನಿನ ಹಾದಿಯಲ್ಲಿ ಏಳುತ್ತದೆ. ಆದ್ದರಿಂದ ತಟ್ಟೆ ಮೇಲೇರುತ್ತಾ ಹಿಂದಕ್ಕೂ ಸರಿಯುತ್ತದೆ. ತಟ್ಟೆಯನ್ನು ಕಾರು ಹಿಡಿದಿರುವುದರಿಂದ, ಅಷ್ಟು ದೂರ ಜಾಕೇ ಕಾರಿನ ಕೆಳಕ್ಕೆ ಉರುಳಿಕೊಂಡು ಹೋಗಬೇಕು. ಅದರ ಚಕ್ರಗಳು ಪುಟ್ಟ ಕಬ್ಬಿಣದ ಚಕ್ರಗಳು; ಟೈಲ್ಸ್ ಸಂದಿನಲ್ಲಿ ಒಂದು ಚಕ್ರ ಸಿಕ್ಕಿಕೊಂಡರೆ ಜಾಕ್ ಉರುಳುವುದಿಲ್ಲ, ತಟ್ಟೆ ಮಾತ್ರ ಸರಿಯುತ್ತದೆ. ತಟ್ಟೆ ಅಂಚಿನಿಂದ ಜಾರುವುದು ಹೀಗೆ. ಮಣ್ಣಿನ ನೆಲ, ಬಿಸಿಲಿಗೆ ಮೆತ್ತಗಾದ ಡಾಂಬರು, ಎಲ್ಲ ಕಡೆಯೂ ಇದೇ ಅಪಾಯ. ಪಂಪ್ ಮಾಡುವಾಗ ಕಣ್ಣು ಕಾರಿನ ಮೇಲಷ್ಟೇ ಅಲ್ಲ, ಜಾಕಿನ ಚಕ್ರಗಳ ಮೇಲೂ ಇರಲಿ. ಅವು ನಿಧಾನವಾಗಿ ಉರುಳುತ್ತಿರಬೇಕು.

ಕಾಂಕ್ರೀಟ್ ಭಾಗಕ್ಕೆ ಎತ್ತಬೇಕಾದ ತುದಿ ಬರುವಂತೆ ಕಾರನ್ನು ತಿರುಗಿಸಿ ನಿಲ್ಲಿಸುವುದು ಉತ್ತಮ. ಆಗದಿದ್ದರೆ 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆಯನ್ನು ಜಾಕ್ ಉರುಳಲು ಜಾಗ ಉಳಿಯುವಷ್ಟು ಉದ್ದಕ್ಕೆ ಹಾಸಿ. ಕಬ್ಬಿಣದ ಶೀಟ್ ಹಾಸಬೇಡಿ, ಅದು ಟೈಲ್ಸ್ ಮೇಲೆ ತಾನೇ ಜಾರುತ್ತದೆ. ಸ್ಟ್ಯಾಂಡಿನ ಕಾಲುಗಳ ಕೆಳಗೂ ಅಂಥದೇ ಹಲಗೆ ಇರಲಿ. ಇಳಿಜಾರು ಕಣ್ಣಿಗೆ ಕಾಣುವಷ್ಟಿದ್ದರೆ ಅಲ್ಲಿ ಎತ್ತಲೇಬೇಡಿ.

ಬಯಲುಸೀಮೆ

ಕೊಂಡ ಮೇಲಿನ ಆರೈಕೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಜಾಕ್ ಇಳಿಯತೊಡಗಿದರೆ ಮನೆಯಲ್ಲಿ ಉಳಿದ ಬ್ರೇಕ್ ಆಯಿಲನ್ನೇ ಸ್ವಲ್ಪ ಹಾಕುವುದು ರೂಢಿ.

ಯಂತ್ರಪಾಠ

ದಯವಿಟ್ಟು ಬೇಡ. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಆಧಾರಿತ ದ್ರವ, ಜಾಕಿನ ಸೀಲುಗಳು ಖನಿಜ ತೈಲಕ್ಕೆಂದು ಮಾಡಿದ ರಬ್ಬರಿನವು. ಗ್ಲೈಕಾಲ್ ತಗುಲಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಅಲ್ಲದೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಒಳಗೆ ತುಕ್ಕು ಹಿಡಿಯುತ್ತದೆ. ಹೈಡ್ರಾಲಿಕ್ ಜಾಕ್ ಆಯಿಲ್ ಎಂದೇ ಸಿಗುತ್ತದೆ, ಇಲ್ಲವಾದರೆ ಐಎಸ್‌ಒ 32 ದರ್ಜೆಯ ಹೈಡ್ರಾಲಿಕ್ ಎಣ್ಣೆ. ಹೊಸ ಜಾಕ್ ಪಂಪ್ ಮಾಡುವಾಗ ಸ್ಪಂಜಿನಂತೆ ಮೆತ್ತಗೆನಿಸಿದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ರಿಲೀಸ್ ವಾಲ್ವ್ ತೆರೆದು, ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ, ಭಾರವಿಲ್ಲದೆ ಹತ್ತಾರು ಸಲ ಪಂಪ್ ಮಾಡಿದರೆ ಗಾಳಿ ಹೊರಬರುತ್ತದೆ. ಬಳಸದಿರುವಾಗ ತೋಳು ಪೂರ್ತಿ ಇಳಿದಿರಲಿ, ರ‍್ಯಾಮ್ ಎಣ್ಣೆಯೊಳಗೇ ಇದ್ದು ತುಕ್ಕಿನಿಂದ ಉಳಿಯುತ್ತದೆ. ಮೇಣ ಅಥವಾ ಬಣ್ಣ ಹಚ್ಚಿ ಮುಚ್ಚಿದ ಒಂದು ಸ್ಕ್ರೂ ಇರುತ್ತದೆ. ಅದು ಅತಿಭಾರ ತಡೆಯುವ ವಾಲ್ವಿನದು, ಅದನ್ನು ಮುಟ್ಟುವ ಕೆಲಸ ಬೇಡ.

ಎಂಟನೇಮಹಡಿ

ಹಾಳಾದ ಸೀಲುಗಳನ್ನು ಬದಲಿಸುವ ಸೀಲ್ ಕಿಟ್ ಎಲ್ಲಿ ಸಿಗುತ್ತದೆ? ಆನ್‌ಲೈನಿನಲ್ಲಿ ಮಾರುವ ಹೆಸರಿಲ್ಲದ ಜಾಕುಗಳಿಗೆ ಬಿಡಿಭಾಗವೇ ಕಾಣುವುದಿಲ್ಲ.

ಘಟ್ಟದಹಾದಿ

ಅದಕ್ಕೇ ಬೆಂಗಳೂರಿನವರಾದರೆ ಎಸ್.ಜೆ.ಪಿ. ರಸ್ತೆ ಅಥವಾ ಜೆ.ಸಿ. ರಸ್ತೆಗೆ ಹೋಗಿ, ಬೇರೆ ಊರಿನವರಾದರೆ ಗ್ಯಾರೇಜುಗಳಿಗೆ ಉಪಕರಣ ಪೂರೈಸುವ ಅಂಗಡಿಗೆ ಹೋಗಿ, ‘ಇದರ ಸೀಲ್ ಕಿಟ್ ಇದೆಯೇ’ ಎಂದು ಜಾಕಿನ ಬೆಲೆಗಿಂತ ಮೊದಲು ಕೇಳಬೇಕು. ಇಲ್ಲವೆಂದರೆ ಆ ಜಾಕ್ ಬೇಡ.

ಕಾವೇರಿಕಣಿವೆಯವರಿಗೆ ಕೊನೆಯದಾಗಿ ಒಂದು ಸೂಚನೆ. ನಿಮ್ಮ ಕ್ರೆಟಾದಲ್ಲಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹಿಂದಿನ ಪ್ಯಾಡುಗಳನ್ನು ಬಿಚ್ಚುವ ಮೊದಲು ಮೋಟರನ್ನು ಸರ್ವಿಸ್ ಸ್ಥಿತಿಗೆ ತರಬೇಕಾಗುತ್ತದೆ, ಅದಕ್ಕೆ ಸ್ಕ್ಯಾನರ್ ಬೇಕಾಗಬಹುದು. ಮುಂದಿನ ಪ್ಯಾಡುಗಳಿಂದಲೇ ಶುರುಮಾಡಿ. ಇನ್ನು ಜಾಕನ್ನು ಮನೆಗೆ ತರುವ ಮುನ್ನ ಅಂಗಡಿಯ ಮುಂದೆಯೇ ನಿಮ್ಮ ಕಾರಿನ ಒಂದು ಮೂಲೆಯನ್ನು ಅದರಿಂದ ಎತ್ತಿಸಿ, ನೆಲದಿಂದ ಅಂಚಿನವರೆಗಿನ ಎತ್ತರವನ್ನು ಅಳೆದುಕೊಂಡು, ಬಿಲ್ ಬರೆಸಿ ಚಹಾ ಕುಡಿದು ಬಂದು ಮತ್ತೆ ಅಳೆಯಿರಿ. ಎರಡು ಮೂರು ಮಿ.ಮೀ. ಇಳಿದಿದ್ದರೂ ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ತೆಗೆಸಿ.